ಪಾನ್ಸೆಯವರ ಶಿಸ್ತು, ಒಂದರಿಂದ ನಾಲ್ಕರವರೆಗೆ

ಪುಣೆಯ ಸದಾಶಿವ ಪೇಠೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ದಿಗಂಬರಪಂತ ಪಾನ್ಸೆಯವರು ತಮ್ಮ ಶಿಸ್ತಿನ ಬಗ್ಗೆ ಹೇಳಿಕೊಳ್ಳುವುದು ಇಷ್ಟೇ: "ಸೂರ್ಯ ಒಂದು ದಿನ ತಡ ಮಾಡಿಯಾನು, ಈ ಪಾನ್ಸೆ ಮಾಡೋನಲ್ಲ."

ನಿಜವೇ. ಮಧ್ಯಾಹ್ನ ಒಂದು ಬಡಿಯಿತೆಂದರೆ, ಗಿರಾಕಿಯ ಮೂಗಿನ ಮೇಲೆ ಅರ್ಧ ಕೂತ ಕನ್ನಡಕವನ್ನೂ ಕಿತ್ತುಕೊಂಡು ಬಾಗಿಲು ಎಳೆದುಬಿಡುತ್ತಿದ್ದರು. ಆಮೇಲೆ ನಾಲ್ಕರವರೆಗೆ ಮಹಡಿಯ ಮನೆಯಲ್ಲಿ ನಿದ್ದೆ. ಪೇಠೆಗೆ ಪೇಠೆಯೇ ಮಲಗುವ ಹೊತ್ತು ಅದು. ಆದರೂ ಪಂತರ ಗೊರಕೆಗೆ ಹೆದರಿ ಮುಠಾ ನದಿ ಎರಡು ಸಲ ಹಿಂದಕ್ಕೆ ಹರಿದದ್ದುಂಟು.

"ಅಹೋ, ಅದೊಂದೇ ನಿಮ್ಮ ಶಿಸ್ತು," ಎಂದರು ಒಂದು ದಿನ ಹೆಂಡತಿ ಮಂದಾಕಿನಿ, ಶಾಲೆಗೆ ಪಾಠ ಹೇಳಲು ಹೊರಡುವ ಗಡಿಬಿಡಿಯಲ್ಲಿ. "ಮಗಳು ಎಷ್ಟನೇ ಕ್ಲಾಸು, ಹೇಳಿ ನೋಡೋಣ?"

ಪಂತರು ಯೋಚಿಸಿದರು. "ಐದು... ಅಲ್ವಾ?"

"ಎಂಟು, ಬಾಬಾ," ಎಂದಳು ಮಗಳು ಶರ್ವರಿ.

ಆ ಏಟಿಗೆ ಪಂತರು, ಪುಣೆಯವರು ಬಾಯಿಗಿಂತ ಹೆಚ್ಚು ನಂಬುವ ಆಯುಧವನ್ನು ಕೈಗೆತ್ತಿಕೊಂಡರು: ಬೋರ್ಡು! ಶುಕ್ರವಾರ ಸಂಜೆಯೊಳಗೆ ಮನೆಯ ಗೋಡೆಗಳೇ ಕಾಣದಂತಾದವು. ಅಡುಗೆಮನೆಯಲ್ಲಿ: "ಚಹಾ ಆರಕ್ಕೆ. ಆರೂ ಐದಕ್ಕೆ ಬಂದವರಿಗೆ ವಾಸನೆ ಮಾತ್ರ." ಬಚ್ಚಲಲ್ಲಿ: "ಇದು ಸ್ನಾನದ ಜಾಗ, ಸಂಗೀತ ಸಭೆಯಲ್ಲ. ಏಳು ನಿಮಿಷ." ನಡುಮನೆಯಲ್ಲಿ: "ಸಂಜೆ ಏಳು: ಮಗಳೊಡನೆ ಮಾತುಕತೆ. ಗಣಿತದ ಪ್ರಶ್ನೆ ಕೇಳಬಾರದು." ಎಲ್ಲಕ್ಕೂ ಮೇಲೆ ದಂಡಸಂಹಿತೆ: "ನಿಯಮ ಮುರಿದವರ ಅಂದಿನ ಮಧ್ಯಾಹ್ನದ ನಿದ್ದೆ ರದ್ದು. ಮಲಗುವ ಬದಲು ಅಂಗಡಿ ತೆರೆದು ಕೂರತಕ್ಕದ್ದು."

(ಇದಕ್ಕಿಂತ ಘೋರವಾದ ಶಿಕ್ಷೆ ಪಂತರಿಗೆ ಹೊಳೆಯಲಿಲ್ಲ. ಆ ಮನೆಯಲ್ಲಿ ಮಧ್ಯಾಹ್ನ ಮಲಗುವವರು ತಾವೊಬ್ಬರೇ ಎಂಬುದೂ ಹೊಳೆಯಲಿಲ್ಲ.)

ಶನಿವಾರ ಬೆಳಿಗ್ಗೆ ಮಂದಾಕಿನಿ ಬೇಕೆಂದೇ ಆರೂ ಹತ್ತಕ್ಕೆ ಚಹಾ ಹೀರಿದರು. "ನನ್ನ ನಿದ್ದೆ ರದ್ದು ಮಾಡಿ, ಅಹೋ. ಹೇಗೂ ಮದುವೆ ಆದ ದಿನಾನೇ ರದ್ದಾಗಿದೆ."

ಪಂತರು ಹಲ್ಲು ಕಡಿಯುತ್ತ ಬಚ್ಚಲಿಗೆ ಹೋದರು. ಬಿಸಿನೀರು ಬೆನ್ನಿಗೆ ಬಿದ್ದದ್ದೇ ತಡ, ಹಳೆಯ ನಾಟಕದ ಹಾಡೊಂದು ತಾನಾಗಿ ಎದ್ದಿತು. ಆಲಾಪ ಏರಿ ಇಳಿಯುವಷ್ಟರಲ್ಲಿ ಹೊರಗೆ ಗಡಿಯಾರ ಹಿಡಿದು ನಿಂತಿದ್ದ ಶರ್ವರಿ ಕೂಗಿದಳು: "ಹತ್ತೊಂಬತ್ತು ನಿಮಿಷ, ಬಾಬಾ! ಒಂದೇ ಸ್ನಾನಕ್ಕೆ ಎರಡು ನಿಯಮ ಮುರಿದ್ರಿ!"

ಒಂದು ಗಂಟೆ ಬಡಿದರೂ ಅಂಗಡಿ ಮುಚ್ಚಲಿಲ್ಲ. ಪೇಠೆ ನಡುಗಿತು. ಎದುರುಮನೆಯ ಮುದುಕರು, ಪೇಠೆಗೆಲ್ಲ ಅಜ್ಜನಾದ ಲಿಮಯೆ ಆಜೋಬಾ, ಟೊಪ್ಪಿಗೆ ಕೈಯಲ್ಲಿ ಹಿಡಿದು ಬಂದರು.

"ದಿಗಂಬರ, ಯಾರಪ್ಪಾ ಹೋದದ್ದು?"

"ಯಾರೂ ಇಲ್ಲ!"

"ಧೈರ್ಯ ತಗೋ. ನಾವೆಲ್ಲ ಇದ್ದೀವಲ್ಲ."

ಅವರ ಹಿಂದೆ ಇನ್ನೂ ಒಂಬತ್ತು ಜನ. ಒಬ್ಬರ ಕೈಯಲ್ಲಿ ಹಾರವೂ ಇತ್ತು. ಬೇಸತ್ತ ಪಂತರು ಮತ್ತೊಂದು ಬೋರ್ಡು ಬರೆದು ತೂಗಿಹಾಕಿದರು: "ಯಾರೂ ಸತ್ತಿಲ್ಲ. ಕೇಳಬೇಡಿ." ಅದರ ಹಿಂದೆ ಕುರ್ಚಿಯಲ್ಲಿ ಕೂತರು. ಇಪ್ಪತ್ತು ವರ್ಷದ ಅಭ್ಯಾಸ. ಕಣ್ಣು ಯಾವ ದಂಡಸಂಹಿತೆಗೂ ಸೊಪ್ಪು ಹಾಕಲಿಲ್ಲ.

ಎಚ್ಚರವಾದಾಗ ಸರಿಯಾಗಿ ನಾಲ್ಕು. ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದ ಮಂದಾಕಿನಿ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದರು. ಲಿಮಯೆ ಆಜೋಬಾ ಹೊಚ್ಚಹೊಸ ಕನ್ನಡಕದಲ್ಲಿ ಬೋರ್ಡು ಓದುತ್ತಿದ್ದರು.

"ಅಯ್ಯೋ, ಯಾರೂ ಸತ್ತೇ ಇಲ್ವಂತೆ!" ಎಂದು ಕೊಂಚ ನಿರಾಸೆಯಿಂದಲೇ ಹೊರಟುಹೋದರು.

"ಏನಿದೆಲ್ಲಾ?" ಎಂದರು ಪಂತರು ಕಣ್ಣುಜ್ಜಿಕೊಳ್ಳುತ್ತ.

"ಬೋರ್ಡು ಎದುರಿಗಿದ್ರೂ ಯಾರು ಹೋದ್ರು ಅಂತ ಕೇಳಿದವರನ್ನೆಲ್ಲ ಕೂರಿಸಿ ಕಣ್ಣು ನೋಡಿದೆ. ಏಳು ಕನ್ನಡಕ ಮಾರಾಟ ಆಯ್ತು! ನೀವು ಎಚ್ಚರವಾಗಿದ್ದು ವಾರಕ್ಕೆ ಇಷ್ಟು ಮಾರ್ತೀರಾ? ಶಿಕ್ಷೆ ಅನುಭವಿಸ್ತಾನೂ ಗೊರಕೆ ಹೊಡೀತೀರಲ್ಲ, ನಾಚಿಕೆ ಆಗಲ್ವಾ? ಇನ್ನು ದಿನಾ ಒಂದರಿಂದ ನಾಲ್ಕು ಈ ಅಂಗಡಿ ತೆರೆದಿರ್ಬೇಕು, ಹೇಳಿದೀನಿ."

ಪಂತರು ದೀರ್ಘವಾಗಿ ಆಕಳಿಸಿದರು.

"ನೋಡಿದ್ಯಾ ಮಂದಾ? ನಾನು ಮಲಗಿದ್ರೇನೇ ಈ ಅಂಗಡಿ ನಡೆಯೋದು. ಸೋಮವಾರದಿಂದ ಬೆಳಿಗ್ಗೆನೂ ಮಲಗ್ತೀನಿ."