ಶಿವಯೋಗೆಪ್ಪ ಡೊಂಗರ ಕಟ್ಟಿದ್ದು

"ಈ ಕೈ ನೋಡ್ರಿ, ಈ ಕೈ! ಈ ಕೈ ಕಟ್ಟಿದ್ದು ಭೂಕಂಪ ಆದ್ರೂ ಬಿರುಕು ಬಿಡೂದಿಲ್ಲ!"

ಹೀಗೆಂದು ವಳಸಂಗದ ಶಿವಯೋಗೆಪ್ಪ ತನ್ನ ಬಲಗೈಯನ್ನು ಮೊಣಕೈತನಕ ತೋಳೇರಿಸಿ ಎತ್ತಿ ತೋರಿಸಿದಾಗ, ಆ ಕೈಗೆ ಮುಂದೆ ಏನು ಕಾದಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕೈಗಂತೂ ಗೊತ್ತೇ ಇರಲಿಲ್ಲ.

ಶಿವಯೋಗೆಪ್ಪ ಮೂವತ್ತೊಂದು ವರ್ಷ ಎಸ್.ಟಿ. ಡೆಪೋದಲ್ಲಿ ಬಸ್ಸಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಸಂಸಾರ ಸಾಕಿದ ಮೆಕ್ಯಾನಿಕ್. ನಿವೃತ್ತನಾದ ಮರುದಿನವೇ ಬಸ್ಸಿನ ಮೇಲೆ ವೈರಾಗ್ಯ ಬಂತು, ರೈಲಿನ ಮೇಲೆ ಮೋಹ ಹುಟ್ಟಿತು. ನಮ್ಮ ಕಡೆ ರೈಲು ನೋಡಬೇಕಾದರೆ ಮೊದಲು ಬಸ್ಸು ಹತ್ತಬೇಕು. "ಸರಕಾರ ಕೊಡಲಿಲ್ಲಂದ್ರ ಬಿಡ್ತು, ನಾ ಕೊಡ್ತೀನಿ!" ಎಂದವನೇ ಪಡಸಾಲೆಯಲ್ಲಿ ಎಂಟು ಫೂಟಿನ ಮೇಜು ಹಾಕಿ, ಪಾರ್ಸೆಲ್ಲಿನಲ್ಲಿ ಆಟಿಕೆಯ ರೈಲು ತರಿಸಿ, ಹಳಿ ಜೋಡಿಸಿಯೇ ಬಿಟ್ಟ. ಇಂಜಿನ್ನು ಗೇಣುದ್ದ. ಅದರ ಕೂಗು ಮಾತ್ರ ಪಕ್ಕದ ಓಣಿಯ ಎಮ್ಮೆಗೆ ಗರ್ಭಪಾತವಾಗುವಷ್ಟು! ವಳಸಂಗ ಜಂಕ್ಷನ್, ಕರಜಗಿ, ಸೋನ್ಯಾಳ ಎಂದು ಮೂರು ಸ್ಟೇಷನ್ನು. ಒಂದು ಸುತ್ತಿಗೆ ಹದಿನೆಂಟು ಸೆಕೆಂಡು.

"ನಮ್ಮ ಗಾಡಿ ಇವತ್ತಿನತನಕ ಒಂದ ಮಿನಿಟು ಲೇಟ ಆಗಿಲ್ಲ!" ಎಂದು ಅವನು ಮೀಸೆ ತಿರುವುತ್ತಿದ್ದ. ಹದಿನೆಂಟು ಸೆಕೆಂಡಿನ ದಾರಿಗೆ ಒಂದು ಮಿನಿಟು ಲೇಟಾಗುವುದು ಹೇಗೆಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಹೆಂಡತಿ ದಾಕ್ಷಾಯಣಿಗೆ ಆ ಮೇಜು ಕಣ್ಣಿಗೆ ಬಿದ್ದಾಗಲೆಲ್ಲ ರೈಲು ಕಾಣುತ್ತಿರಲಿಲ್ಲ, ಶ್ಯಾವಿಗೆ ಕಾಣುತ್ತಿತ್ತು. ಬ್ಯಾಸಿಗೆಯಲ್ಲಿ ಶ್ಯಾವಿಗೆ ಒಣಹಾಕಲು ಊರಿಗೇ ಚಲೋ ಜಾಗವೆಂದರೆ ಆ ಪಡಸಾಲೆ. ಈಗ ಅಲ್ಲಿ ಸೋನ್ಯಾಳ ಸ್ಟೇಷನ್ನು ಒಣಗುತ್ತಿತ್ತು.

ಇಷ್ಟರಲ್ಲಿ ಖರೇ ಸೋನ್ಯಾಳದಿಂದ ದಾಕ್ಷಾಯಣಿಯ ತಮ್ಮ ರಾಮಲಿಂಗ ಬಂದ. ಅವನೇನು ಸಾಮಾನ್ಯನೇ? ಖರೇ ರೈಲ್ವೆಯಲ್ಲಿ ಇಪ್ಪತ್ತೆಂಟು ವರ್ಷ ಫಾಟಕ ಕಾಯ್ದು, ಹಸಿರು ಬಾವುಟ ಬೀಸಿ ಬೀಸಿ ತೋಳು ಒಂದು ಗೇಣು ಉದ್ದ ಮಾಡಿಕೊಂಡವನು. ಅಕ್ಕ ಕೊಟ್ಟ ಚಹಾ ಹೀರುತ್ತ ಗಾಡಿ ಮೂರು ಸುತ್ತು ಹಾಕಿದ್ದನ್ನು ನೋಡಿ, ಬಸಿಯನ್ನು ಕೆಳಗಿಟ್ಟ.

"ಮಾಮಾ, ಸಿಟ್ಟಾಗಬ್ಯಾಡ್ರಿ. ಇದು ರೈಲಲ್ಲ, ಗಾಣದ ಎತ್ತು. ಘಾಟಿಲ್ಲ, ಸುರಂಗದ ಬೋಗದಾ ಇಲ್ಲ! ಗುಡ್ಡ-ಡೊಂಗರದಾಗ ಹೊಕ್ಕು ಹೊರಗ ಬರಲಾರದ ಗಾಡಿಗಿ ನಾವು ಬಾವುಟಾ ಸುದ್ದಾ ತೋರಸ್ತಿದ್ದಿಲ್ಲ. ಮತ್ತ ನಮ್ಮ ಸೋನ್ಯಾಳ ಸ್ಟೇಷನ್ ಯಾಕ್ರಿ ಕಡ್ಡಿಪೆಟಗಿ ಆಗೇತಿ?"

ಆಗಲೇ ನೋಡಿ, ಶಿವಯೋಗೆಪ್ಪ ತೋಳೇರಿಸಿ ಕೈ ಎತ್ತಿದ್ದು! "ಹದಿನೈದು ದಿವಸದಾಗ ಘಾಟ ಕಟ್ತೀನಿ, ಬೋಗದಾ ಕೊರಿತೀನಿ! ನೀ ಬಾವುಟಾ ತಗೊಂಡು ಬಾ!"

ದಾಕ್ಷಾಯಣಿ ಅಡುಗೆಮನೆಯಿಂದಲೇ ಕಿವಿ ಕೊಟ್ಟಿದ್ದಳು. ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ತಮ್ಮಾ, ನೀ ಸಾಕ್ಷಿ. ಇವರ ಗಾಡಿ ಬೋಗದಾ ಹೊಕ್ಕು ಆ ಕಡಿಂದ ಹೊರಗ ಬಂತಂದ್ರ ಮ್ಯಾಜು ಇವರದು. ನಾ ಸಾಯೂತನಕ ಶ್ಯಾವಿಗಿ ಹೆಸರ ಎತ್ತೂದಿಲ್ಲ. ಬರಲಿಲ್ಲಂದ್ರ ಮ್ಯಾಜು ನಂದು!"

"ಕಬೂಲ!" ಎಂದ ಶಿವಯೋಗೆಪ್ಪ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವನು ಇಷ್ಟು ಲಗೂನ ಕಬೂಲ ಎಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಮೇಜಿನ ದಕ್ಷಿಣದ ಮೂಲೆಯಲ್ಲಿ ಉತ್ಪಾತ ಶುರುವಾಯಿತು. ಕರಜಗಿಯನ್ನು ಬುಡಸಹಿತ ಕಿತ್ತು ಒಂದೂವರೆ ಫೂಟು ಪಡುವಣಕ್ಕೆ ಇಡಲಾಯಿತು. ಒಂದು ಮೋರ್ಚಾ ಇಲ್ಲ, ಒಂದು ಅರ್ಜಿ ಇಲ್ಲ! ಸೋನ್ಯಾಳಕ್ಕೆ ಕಡ್ಡಿಪೆಟ್ಟಿಗೆ ಹೋಗಿ ಚಪ್ಪಲಿಯ ಡಬ್ಬಿ ಬಂತು. ಹಳೆಯ ತಿರುವನ್ನು ಬಿಚ್ಚಿ, ಕಟ್ಟಿಗೆಯ ತುಂಡಿಟ್ಟು ಹಳಿಯನ್ನು ಏರಿಸಿದರು. ಏರು ಜಾಸ್ತಿಯಾಗಿ ಇಂಜಿನ್ನು ಅರ್ಧಕ್ಕೆ ಹೋಗಿ ಹಿಮ್ಮುಖವಾಗಿ ಜಾರಿತು. ಮತ್ತೆ ಬಿಚ್ಚಿದರು, ಮತ್ತೆ ಜೋಡಿಸಿದರು. ಕೋಳಿಗೂಡಿನ ತಂತಿ ಜಾಳಿಗೆಯನ್ನು ಬಾಗಿಸಿ ಹಳಿಯ ಮೇಲೆ ಸುರಂಗದ ಹಾಗೆ ಕಮಾನು ಹಾಕಿದರು. ಈ ಎಲ್ಲದಕ್ಕೂ ಜೊತೆಗಾರ ಬಾದಶಹಾ. ಗಡಿಯಾರ, ರೇಡಿಯೋ ರಿಪೇರಿಯಲ್ಲಿ ಕೂದಲು ಬೆಳ್ಳಗಾದ ಗೆಳೆಯ.

"ಭಾಯಿ, ಜಾಳಿಗಿ ಮ್ಯಾಲೆ ಥರ್ಮಾಕೋಲ್ ಹಚ್ಚೂಣು. ಹಗೂರ ಇರತೈತಿ" ಎಂದ ಬಾದಶಹಾ.

"ಥರ್ಮಾಕೋಲ್? ಗಣಪತಿ ಮಂಟಪ ಕಟ್ಟಾಕತ್ತೇವೇನು? ನಮ್ಮವ್ವ ರದ್ದಿ ಕಾಗದಾ ನೆನಿಹಾಕಿ, ಮೆಂತ್ಯಾ ಹಾಕಿ ಕುಟ್ಟಿ, ಬುಟ್ಟಿ ಮಾಡತಿದ್ಲು. ಒಳಗ ಆ ಬುಟ್ಟಿ ಇನ್ನೂ ಐತಿ! ಅದರ ಮ್ಯಾಲೆ ಒಮ್ಮೆ ಎಮ್ಮಿ ಕುಂತಿತ್ತು, ಮುರೀಲಿಲ್ಲ!"

ಎಮ್ಮೆ ಬುಟ್ಟಿಯ ಮೇಲೆ ಯಾಕೆ ಕುಂತಿತ್ತೆಂದು ಬಾದಶಹಾ ಕೇಳಲಿಲ್ಲ. ನಲವತ್ತು ವರ್ಷದ ಗೆಳೆತನ ಉಳಿದಿರುವುದೇ ಇಂಥ ಪ್ರಶ್ನೆ ಕೇಳದೆ ಇದ್ದುದರಿಂದ.

ಅವ್ವ ಬುಟ್ಟಿ ಮಾಡುವುದನ್ನು ಶಿವಯೋಗೆಪ್ಪ ನೋಡಿದ್ದು ಖರೆ. ಆಗ ಅವನಿಗೆ ಏಳು ವರ್ಷ. ಅವ್ವ ನಸುಕಿನಲ್ಲೆದ್ದು ಮೆಂತ್ಯವನ್ನು ನುಣ್ಣಗೆ ರುಬ್ಬುವಾಗ ಇವನು ಕೌದಿಯೊಳಗೆ ಗೊರಕೆ ಹೊಡೆಯುತ್ತಿದ್ದ. ಎದ್ದು ನೋಡಿದ್ದು ಅಲ್ಲಿಂದ ಮುಂದಿನ ಭಾಗವನ್ನು ಮಾತ್ರ! ಹೀಗಾಗಿ ಐವತ್ತೆಂಟು ವರ್ಷದ ಮೇಲೆ ಹಂಡೆಯಲ್ಲಿ ರದ್ದಿ ಕಾಗದ ನೆನೆಹಾಕಿ, ಹೆಂಡತಿಯ ಡಬ್ಬಿಯಿಂದ ಎರಡು ಸೇರು ಮೆಂತ್ಯ ತಂದು ಇಡಿಯಾಗಿಯೇ ಸುರಿದ.

ದಾಕ್ಷಾಯಣಿ ಹೊಸ್ತಿಲಲ್ಲಿ ನಿಂತು ಕೇಳಿದಳು: "ಮೆಂತ್ಯಾ ರುಬ್ಬೀರೇನ್ರಿ?"

"ಏ, ಇಂಜಿನಿಯರಿಂಗ್ ಕೆಲಸದಾಗ ಅಡಗಿಮನಿ ತರಬ್ಯಾಡ!"

"ಆತ ಬಿಡ್ರಿ."

ಆ "ಆತ ಬಿಡ್ರಿ"ಯನ್ನು ಕೇಳಿದರೆ ತಿಳಿದ ಗಂಡಸರು ಊರು ಬಿಟ್ಟು ಹೋಗುತ್ತಾರೆ. ಶಿವಯೋಗೆಪ್ಪ ಒನಕೆ ಎತ್ತಿದ. ಹತ್ತು ಪೆಟ್ಟಿಗೆ ಭುಜ ಶರಣಾಯಿತು. "ಉಳಿದದ್ದು ತಾನ ಮೆತ್ತಗ ಆಕ್ಕೈತಿ" ಎಂದು ಒನಕೆಯನ್ನು ಮೂಲೆಗಿಟ್ಟು, ಮುದ್ದೆಮುದ್ದೆಯಾಗಿ ಜಾಳಿಗೆಗೆ ಮೆತ್ತಿದ. ಸಂಜೆಗೆ ಎರಡು ಫೂಟು ಎತ್ತರದ ಡೊಂಗರ ಎದ್ದು ನಿಂತಿತು! ಗಾಡಿಯನ್ನು ಒಮ್ಮೆ ಬಿಟ್ಟು ನೋಡಿದ. ಈ ಕಡೆ ಹೊಕ್ಕು ಐದೇ ಸೆಕೆಂಡಿನಲ್ಲಿ ಆ ಕಡೆ ಹೊರಬಿತ್ತು. ಬಾದಶಹಾನನ್ನು ಎದೆಗವಚಿಕೊಂಡ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು. ಆದರೆ ಇವನು ಮನೆಯ ಸ್ಲ್ಯಾಬು ಹಾಕಿಸಿದ ಮನುಷ್ಯ. "ನೀರು ಹೊಡೀಲಿಲ್ಲಂದ್ರ ಬಿರುಕು ಬಿಡತೈತಿ, ಬಾದಶಹಾ! ಕ್ಯೂರಿಂಗ್ ಆಗಬೇಕು!" ಎಂದು ಡೊಂಗರಕ್ಕೆ ಹಸಿ ಗೋಣಿತಾಟು ಹೊದಿಸಿ, ದಿನಕ್ಕೆ ಮೂರು ಸಲ ನೀರು ಸಿಂಪಡಿಸತೊಡಗಿದ. ಹಳಿಯ ಮೇಲೆ "ಮಾರ್ಗ ದುರಸ್ತಿ, ಗಾಡಿ ಬಂದ್" ಎಂಬ ಫಲಕ ನಿಂತಿತು.

ಒಳಗೆ ದಾಕ್ಷಾಯಣಿಯೂ ಮಡಿಕೆ ಕಾಳಿಗೆ ಮೊಳಕೆ ಬರಲೆಂದು ಹಸಿ ಅರಿವೆ ಹೊದಿಸಿದ್ದಳು. ತನ್ನ ಅರಿವೆಯನ್ನೊಮ್ಮೆ ನೋಡಿದಳು, ಗಂಡನ ಗೋಣಿತಾಟನ್ನೊಮ್ಮೆ ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದಳು.

"ನೀರು ಸಾಲೂದಿಲ್ಲ ನೋಡ್ರಿ. ಇನ್ನ ಚೂರು ಹೊಡೀರಿ."

"ಈಗ ಬುದ್ಧಿ ಬಂತು ನೋಡು ನಿನಗ!" ಎಂದು ಶಿವಯೋಗೆಪ್ಪ ಮತ್ತೊಂದು ತಂಬಿಗೆ ಸುರಿದ.

ಐದನೆಯ ದಿನ ತಾಟು ಎತ್ತಿದರೆ ಡೊಂಗರಕ್ಕೆ ಗಡ್ಡ ಬಂದಿದೆ! ಎಂಟನೆಯ ದಿನಕ್ಕೆ ಹಸಿರೋ ಹಸಿರು. ಹನ್ನೆರಡಕ್ಕೆ ಬೆರಳುದ್ದದ ಕಾಡು. ಮೆಂತ್ಯದ ಘಮಕ್ಕೆ ಎದುರುಮನೆಯ ಆಡು ಹಗ್ಗ ಹರಿದುಕೊಂಡು ಮೂರು ಸಲ ಬಂದು ಹೋಯಿತು.

"ಭಾಯಿ," ಬಾದಶಹಾ ತಲೆ ಕೆರೆದುಕೊಂಡ, "ನಿನ್ನ ಡೊಂಗರ ಬೆಳ್ಯಾಕತ್ತೇತಿ."

"ಬೆಳೀಲೇಳು! ಸಹ್ಯಾದ್ರಿ ಏನ ಒಂದ ದಿನದಾಗ ಬೆಳದೈತೇನು? ಇದರ ಸಲುವಾಗೇ ನಾ ಮೆಂತ್ಯಾ ಇಡೀ ಹಾಕಿದ್ದು. ಹಸರ ಬಣ್ಣದ ಕೆಲಸ ಉಳೀತು ನೋಡು!"

ಡೊಂಗರದ ಹೊರಗೆ ಏನು ಬೆಳೆದಿದೆ ಎಂಬುದನ್ನು ಊರೆಲ್ಲ ನೋಡಿತು. ಒಳಗೆ ಏನು ಇಳಿದಿದೆ ಎಂದು ಯಾರೂ ಬಗ್ಗಿ ನೋಡಲಿಲ್ಲ.

ಗಡುವಿನ ದಿನ, ಐತವಾರ, ಬಂತು. ರಾಮಲಿಂಗ ಇಸ್ತ್ರಿ ಮಾಡಿದ ಹಸಿರು ಬಾವುಟದೊಂದಿಗೆ ಹಾಜರಾದ. ಡೊಂಗರ ಕಂಡವನೇ ಮೇಜಿನ ಸುತ್ತ ಎರಡು ಸುತ್ತು ಹಾಕಿದ. ಶಿವಯೋಗೆಪ್ಪನ ಎದೆ ಉಬ್ಬಿ ಅಂಗಿಯ ಗುಂಡಿಯೊಂದು ಹಾರಿ ಕರಜಗಿಯಲ್ಲಿ ಬಿತ್ತು. ರಾಮಲಿಂಗ ಬಾವುಟ ಬೀಸಿದ. "ಕೂ...!" ಎನ್ನುತ್ತ ಗಾಡಿ ವಳಸಂಗ ಬಿಟ್ಟಿತು, ಘಾಟು ಏರಿತು, ರಾಜಗಾಂಭೀರ್ಯದಿಂದ ಬೋಗದಾ ಹೊಕ್ಕಿತು.

ಐದು ಸೆಕೆಂಡಾಯಿತು. ಹತ್ತಾಯಿತು. ಮಿನಿಟಾಯಿತು. ಅಂತೂ ಶಿವಯೋಗೆಪ್ಪನ ಗಾಡಿ ಒಂದು ಮಿನಿಟು ಲೇಟಾಯಿತು!

"ಸಿಗ್ನಲ್ ಸಿಕ್ಕಿರಾಕಿಲ್ಲ" ಎಂದ ಬಾದಶಹಾ. ಗೆಳೆಯನೆಂದರೆ ಹೀಗಿರಬೇಕು.

ಒಳಗಿಂದ "ಕೂಂ..." ಎಂದು ಮೂಗು ಹಿಡಿದಂಥ ದನಿ. ಬಿಡಿಸಿ ತರಲು, ಪೆಟ್ಟಿಗೆಯಲ್ಲಿ ಕಾದಿಟ್ಟಿದ್ದ ಎರಡನೆಯ ಇಂಜಿನ್ನನ್ನು ಅಟ್ಟಿದರು. ಅದೂ ಒಳಗೇ ಠಿಕಾಣಿ ಹೂಡಿತು. ಈಗ ಡೊಂಗರದೊಳಗಿಂದ ಜುಗಲಬಂದಿ!

ಶಿವಯೋಗೆಪ್ಪ ತೋಳೇರಿಸಿ ಬಲಗೈಯನ್ನು ಬೋಗದಾದೊಳಗೆ ತೂರಿಸಿದ. ಜಾಳಿಗೆಯ ಸಂದಿಸಂದಿಯಿಂದ ಇಳಿದ ಬೇರುಗಳು ಋಷಿಯ ಗಡ್ಡದಂತೆ ಕೈಗೆ ಸುತ್ತಿಕೊಂಡವು. ಇಂಜಿನ್ನು ಸಿಕ್ಕಿತು, ಹಿಡಿದ. ಆದರೆ ಹಿಡಿದ ಮುಷ್ಟಿ ಹೊರಗೆ ಬರಲೊಲ್ಲದು.

"ಇಂಜಿನ್ ಬಿಡ್ರಿ ಮಾಮಾ, ಕೈ ಬರತೈತಿ!"

"ಪ್ರಾಣ ಬಿಟ್ಟೇನು, ಇಂಜಿನ್ ಬಿಡೂದಿಲ್ಲ! ಜಗ್ರೀ!"

ಬಾದಶಹಾ ಅವನ ಸೊಂಟ ಹಿಡಿದ, ರಾಮಲಿಂಗ ಬಾದಶಹಾನ ಸೊಂಟ ಹಿಡಿದ. "ಹರ ಹರ ಮಹಾದೇವ!" "ಯಾ ಅಲ್ಲಾ!" ಚಟ್ಟೆಂದು ಸದ್ದಾಯಿತು. ಮೂವರೂ ಹಿಂದಕ್ಕೆ ತೂರಾಡಿ ಗೋಡೆಗೆ ಆತು ನಿಂತರು. ನೋಡಿದರೆ ಮೇಜಿನ ಮೇಲೆ ಡೊಂಗರವಿಲ್ಲ, ಶಿವಯೋಗೆಪ್ಪನ ಕೈಯಲ್ಲಿದೆ! ಮೊಣಕೈತನಕ ಕಡಗದ ಹಾಗೆ ಸಿಕ್ಕಿಕೊಂಡಿದೆ. ಬಿರುಕು ಬಿಟ್ಟಿತೇ? ಒಂದು ಕೂದಲೆಳೆಯಷ್ಟೂ ಇಲ್ಲ! ಮಾತೆಂದರೆ ಮಾತು! ಆಂಜನೇಯ ಸಂಜೀವಿನಿ ಪರ್ವತ ಹೊತ್ತು ತಂದಾಗಲೂ ಹೀಗೇ ಕಂಡಿರಬೇಕು. ಆದರೆ ಆಗ ಪಕ್ಕದಲ್ಲಿ ಹೆಂಡತಿಯ ತಮ್ಮ ನಿಂತು ನಗುತ್ತಿರಲಿಲ್ಲ. ಬ್ರಹ್ಮಚಾರಿಗೆ ಆ ಒಂದು ಸುಖವಾದರೂ ಉಂಟು.

ದಾಕ್ಷಾಯಣಿ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಅತ್ತೆ ಮಾಡಿದ್ದ ಆ ಕಾಗದದ ಬುಟ್ಟಿ ಹಿಡಿದು ಬಂದಳು.

"ಬಾ ಬಾ, ಲಗೂನ ಕೈ ಬಿಡಸು!"

"ಕೈ ಅಳ್ಳಾಡಸಬ್ಯಾಡ್ರಿ" ಎಂದು ಅವಳು ಡೊಂಗರದ ತುದಿಯಿಂದ ಕಚಕಚ ಮೆಂತ್ಯ ಕತ್ತರಿಸಿ ಬುಟ್ಟಿಗೆ ಹಾಕತೊಡಗಿದಳು.

"ಏ! ಮೊದಲ ಕೈ!"

"ಕೈ ಎಲ್ಲಿ ಓಡಿ ಹೋಗತೈತ್ರಿ? ಮೆಂತ್ಯಾ ಬಾಡತೈತಿ. ಹಾಂ, ಈ ಕಡೆ ಹೊಳ್ಳಸ್ರಿ, ಪಡುವಣ ಬಾಜು ಉಳದೈತಿ."

ಬುಟ್ಟಿ ತುಂಬಿದ ಮೇಲೆಯೇ ಬಾದಶಹಾನ ತಂತಿ ಬಿಚ್ಚುವ ಪಕ್ಕಡಕ್ಕೆ ಅಪ್ಪಣೆ ಸಿಕ್ಕಿತು. ಜಾಳಿಗೆ ಬಿಚ್ಚಿತು, ಕೈ ಬಂತು, ಇಂಜಿನ್ನುಗಳೂ ಬಂದವು. ನಾಲ್ಕು ಸಲ ತೊಳೆದ ಮೆಂತ್ಯ ಉಳ್ಳಾಗಡ್ಡಿ, ಶೇಂಗಾಪುಡಿಯೊಂದಿಗೆ ಪಚಡಿಯಾಗಿ ಬಿಸಿ ರೊಟ್ಟಿಯ ಮಗ್ಗುಲಿಗೆ ಕುಳಿತಿತು. ರಾಮಲಿಂಗ ಐದನೆಯ ರೊಟ್ಟಿ ಮುರಿಯುತ್ತ, "ಮಾಮಾ, ರೈಲ್ವೆದಾಗ ಭಾಳ ಡೊಂಗರ ನೋಡೀನ್ರಿ. ಇಷ್ಟು ರುಚಿ ಡೊಂಗರ ನೋಡಿದ್ದಿಲ್ಲ" ಎಂದ.

ಹೊಟ್ಟೆ ತುಂಬಿದ ಮೇಲೆ ಶಿವಯೋಗೆಪ್ಪನಿಗೆ ವಕೀಲಿ ನೆನಪಾಯಿತು. "ಹಂಗ ನೋಡಿದ್ರ ಗಾಡಿ ಬೋಗದಾ ಹೊಕ್ಕಿತ್ತು, ಈಗ ಹೊರಗ ಐತಿ. ಮ್ಯಾಜು ನಂದ!"

"ಗಾಡಿ ಹೊರಗ ಬಂದಿಲ್ರಿ," ಎಂದಳು ದಾಕ್ಷಾಯಣಿ, "ಡೊಂಗರ ಎದ್ದು ಹೋಗೇತಿ."

ಸಾಕ್ಷಿ ರಾಮಲಿಂಗ ಬಾಯಿ ತುಂಬಿದ್ದರಿಂದ ತಲೆಯಾಡಿಸಿಯೇ ತೀರ್ಪು ಕೊಟ್ಟ. ಬಾದಶಹಾ ಕೂಡ ನೆಲ ನೋಡಿದ. ಶಿವಯೋಗೆಪ್ಪ ಎದ್ದು ಹೋಗಿ ವಳಸಂಗ ಜಂಕ್ಷನ್ನಿನ ಮೊದಲ ಹಳಿಗೆ ಕೈ ಹಾಕಿದ.

"ಅದನ್ನ ಯಾಕ ಕೀಳತೀರಿ? ಇರಲಿ ಬಿಡ್ರಿ. ನಡುವ ಶ್ಯಾವಿಗಿ ಹಾಕತೀನಿ, ಸುತ್ತ ಗಾಡಿ ಓಡಲಿ."

ಶಿವಯೋಗೆಪ್ಪನ ಕಣ್ಣು ತೇವವಾಯಿತು. "ದಾಕ್ಷಾಯಣೀ, ನನಗ ಗೊತ್ತಿತ್ತು. ನಿನಗೂ ಒಳಗೊಳಗ ರೈಲಿನ ಮ್ಯಾಲೆ ಪ್ರೀತಿ ಐತಿ."

"ಪ್ರೀತಿ ಅಲ್ರಿ, ಗುಬ್ಬಿ ಕಾಟ! ಗಾಡಿ ಕೂಗತಿದ್ರ ಒಂದ ಗುಬ್ಬಿನೂ ಶ್ಯಾವಿಗಿ ಹಂತ್ಯಾಕ ಬರೂದಿಲ್ಲ." ಖಾಲಿ ಬುಟ್ಟಿಯನ್ನು ಕೊಡವಿ ಒಳಗೆ ನಡೆದವಳು ಹೊಸ್ತಿಲಲ್ಲಿ ತಿರುಗಿ ನಿಂತಳು. "ಮತ್ತ ಮುಂದಿನ ಡೊಂಗರ ಕೊತ್ತಂಬರಿದ ಕಟ್ರಿ. ಹಂಗ... ರುಬ್ಬಬ್ಯಾಡ್ರಿ!"