ಕೆಂಪು ಹಿಡಿಯ ಕಾವಲು

ಯೋಗಾನರಸಿಂಹ ಮೇಷ್ಟ್ರು ಮನೆಗೆ ಸೋಲಾರ್ ಹಾಕಿಸಲು ಹೊರಟಿದ್ದಕ್ಕೆ ಸೂರ್ಯ ಕಾರಣನಲ್ಲ, ಎದುರುಮನೆಯ ಒಂದು ಕ್ಯಾನು ಸೀಮೆಎಣ್ಣೆ ಕಾರಣ. ಆಗೆಲ್ಲ ಹೊಳೆನರಸೀಪುರದಲ್ಲಿ ಸಂಜೆಯಾಯಿತೆಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಇಡೀ ಬೀದಿಗೆ ಜನರೇಟರ್ ಇದ್ದದ್ದು ಅಕ್ಕಿ ಗಿರಣಿಯ ಪರಮಶಿವಯ್ಯನವರೊಬ್ಬರಿಗೇ. ಹಾಗಾಗಿ ಕ್ರಿಕೆಟ್ ಮ್ಯಾಚೆಂದರೆ ಬೀದಿಯ ಗಂಡಸರೆಲ್ಲ ಅವರ ಹಜಾರದಲ್ಲಿ. ಮೇಷ್ಟ್ರಿಗೆ ಸಿಗುತ್ತಿದ್ದದ್ದು ಮಾತ್ರ ಚಪ್ಪಲಿ ರಾಶಿಯ ಪಕ್ಕದ ಜಾಗ.

ಹೋದ ಸಲ ಕೊನೆಯ ಓವರ್ ನಡೆಯುತ್ತಿರುವಾಗ ಪರಮಶಿವಯ್ಯ, "ಮೇಷ್ಟ್ರೇ, ಹೆಂಗೂ ಬಾಗಿಲ ಹತ್ರಾನೇ ಇದೀರಲ್ಲ, ಜನರೇಟರಿಗೆ ಒಂಚೂರು ಸೀಮೆಎಣ್ಣೆ ಹುಯ್ದು ಬಂದ್ಬುಡಿ" ಅಂದರು. ಹುಯ್ದು ಬರುವಷ್ಟರಲ್ಲಿ ಇಂಡಿಯಾ ಗೆದ್ದಾಗಿತ್ತು. ಕೈಯೆಲ್ಲ ಸೀಮೆಎಣ್ಣೆ ವಾಸನೆ, ಹೊಟ್ಟೆಯೆಲ್ಲ ಉರಿ.

"ಮುಂದಿನ ಪಾಕಿಸ್ತಾನದ ಮ್ಯಾಚು ನಮ್ಮನೇಲೇ ಕಣೇ ಹಂಸಾ," ಎಂದು ಅಂದೇ ಹೆಂಡತಿಯ ಮುಂದೆ ಶಪಥ ಮಾಡಿದರು. "ನನ್ನ ಟೀವಿ, ನನ್ನ ಆರಾಮ ಕುರ್ಚಿ. ಒಂದೇ ಒಂದು ಬಾಲೂ ತಪ್ಪಬಾರದು!"

ಆ ಮ್ಯಾಚಿನ ದಿನವೇ ಬೆಳಿಗ್ಗೆ ಹಾಸನದಿಂದ ಕೀರ್ತಿರಾಜ್ ಎಂಬ ಇಂಜಿನಿಯರು ಸಾಮಾನು ಸಮೇತ ಬಂದಿಳಿದ. ಪ್ಯಾನಲ್ಲುಗಳು ತಾರಸಿಯ ಮೇಲೆ ಸಲೀಸಾಗಿ ಕೂತವು. ತಕರಾರು ಶುರುವಾದದ್ದು ಇನ್ವರ್ಟರ್ ಎಲ್ಲಿ ನೇತುಹಾಕಬೇಕು ಅನ್ನುವಲ್ಲಿ.

"ಬೆಂಕಿ ಸಂಬಂಧ. ಆಗ್ನೇಯದಲ್ಲೇ ಹಾಕ್ಬೇಕು," ಅಂದರು ಪಕ್ಕದ ಮನೆಯ ಸುಬ್ಬಮ್ಮ.

"ಬ್ಯಾಟರಿಗೆ ನೀರು ಹುಯ್ಯಲ್ವಾ? ನೀರು ಅಂದ್ಮೇಲೆ ಈಶಾನ್ಯ," ಅಂದರು ಪರಮಶಿವಯ್ಯ. ಅವರು ಬಂದಿದ್ದೇ ಕೆಲಸ ಕೆಡಲಿ ಅಂತ.

"ಆಗ್ನೇಯದಲ್ಲಿ ಗ್ಯಾಸ್ ಸಿಲಿಂಡರ್ ಇದೆ ಸಾ, ಈಶಾನ್ಯದಲ್ಲಿ ಬಚ್ಚಲ ನೀರು ಹಾರ್ತದೆ," ಎಂದು ಕೀರ್ತಿರಾಜ್ ಕೈಮುಗಿದ. "ಗಾಳಿ ಆಡ್ಬೇಕು, ಬಿಸಿಲು ಬೀಳ್ಬಾರ್ದು, ಗೋಡೆ ತಡೀಬೇಕು. ಅಷ್ಟಿದ್ರೆ ಯಾವ ದಿಕ್ಕಾದರೂ ಸೈ."

ಕೊನೆಗೆ ನಡುಮನೆಯ ಗೋಡೆಯೇ ಗತಿಯಾಯಿತು. ಅದು ಹಳೇ ಕಾಲದ ಮಣ್ಣಿನ ಗೋಡೆ, ಆಚೆ ಬದಿ ಸುಬ್ಬಮ್ಮನವರದು. ಡ್ರಿಲ್ ಗುರ್ರೆಂದು ಒಳನುಗ್ಗಿದ್ದು ನಿಲ್ಲಲೇ ಇಲ್ಲ. ಅಷ್ಟೊತ್ತಿಗೆ ಅಡುಗೆಗೆಂದು ಮನೆಗೆ ಹೋಗಿದ್ದ ಸುಬ್ಬಮ್ಮ ಅಲ್ಲಿಂದಲೇ ಕಿರುಚಿಕೊಂಡರು.

"ಅಯ್ಯೋ ಯೋಗಾನರಸಿಂಹ! ಬೇಗ ಬಾರೋ! ಕ್ಯಾಲೆಂಡರಿನ ರಂಗನಾಥನ ಹೊಕ್ಕುಳಿಂದ ತಾವರೆ ಬರ್ಬೇಕಿತ್ತು ಕಣೋ, ಇದೇನೋ ಗರಗರ ಅಂತ ಬರ್ತಾ ಇದೆ!"

ಹೊಸ ಕ್ಯಾಲೆಂಡರ್ ಕೊಡಿಸುವ ಮಾತಿನ ಮೇಲೆ ಸುಬ್ಬಮ್ಮ ಸಮಾಧಾನವಾದರು. ಗೋಡೆಯ ಎರಡೂ ಬದಿಗೆ ಹಲಗೆ ಕೊಟ್ಟು, ಉದ್ದನೆಯ ಬೋಲ್ಟು ಬಿಗಿದು, ಇನ್ವರ್ಟರನ್ನು ನೇತುಹಾಕಿದ್ದಾಯಿತು.

"ಇನ್ನು ಆನ್ ಮಾಡಪ್ಪಾ," ಅಂದರು ಮೇಷ್ಟ್ರು.

"ಆಗಲ್ಲ ಸಾ. ಡಿಸ್‌ಕನೆಕ್ಟ್ ಸ್ವಿಚ್ ಹಾಕ್ದೆ ಲೈನ್ ಕೊಡಂಗಿಲ್ಲ," ಎಂದು ಕೀರ್ತಿರಾಜ್ ಕೆಂಪು ಹಿಡಿಯಿದ್ದ ಡಬ್ಬಿಯೊಂದನ್ನು ಚೀಲದಿಂದ ತೆಗೆದ. "ಇದ ತಿರುಗಿಸಿದ್ರೆ ಪ್ಯಾನಲ್ಲು, ಬ್ಯಾಟರಿ, ಎಲ್ಲಾ ಸಂಬಂಧ ಕಡೀಬೇಕು. ಮನೆ ಹೊರಗೇ ಇರ್ಬೇಕು, ಕಣ್ಣಿಗೆ ಕಾಣ್ಬೇಕು, ಯಾರ ಕೈಗಾದ್ರೂ ಎಟುಕಬೇಕು."

"ಬೀಗ ಹಾಕಬಹುದು ತಾನೆ?"

"ನಮ್ಮ ಕಂಪನೀಲಿ ಅದಕ್ಕೂ ಒಪ್ಪಲ್ಲ ಸಾ. ಬೆಂಕಿ ಬಿದ್ರೆ ಬೀಗದ ಕೈ ಹುಡುಕ್ತಾ ಕೂತ್ಕೋತಾರಾ?"

ಸರಿ, ಬಾಗಿಲ ಪಕ್ಕದಲ್ಲಿ, ಎದೆಮಟ್ಟಕ್ಕೆ, ಕೆಂಪು ಹಿಡಿ ಬಂದು ಕೂತಿತು. ಲೈನು ಕೊಟ್ಟು ಕೀರ್ತಿರಾಜ್ ಹಾಸನದ ಬಸ್ಸು ಹತ್ತಿದ.

ಸಂಜೆ ಎಂದಿನಂತೆ ಕರೆಂಟು ಹೋಯಿತು. ಬೀದಿಯೆಲ್ಲ ಕತ್ತಲು. ಮೇಷ್ಟ್ರ ಮನೆ ಮಾತ್ರ ಮದುವೆಮನೆಯ ಹಾಗೆ ಝಗಮಗ! ಸದ್ದಿಲ್ಲ, ಹೊಗೆಯಿಲ್ಲ, ಟೀವಿಯಲ್ಲಿ ಮ್ಯಾಚು ಹಸಿರಾಗಿ ಹೊಳೆಯುತ್ತಿದೆ. ಪರಮಶಿವಯ್ಯನವರ ಜನರೇಟರ್ ಎಷ್ಟು ಒದರಿದರೂ ಆ ಕಡೆ ಯಾರೂ ತಿರುಗಿ ನೋಡಲಿಲ್ಲ. ಗಂಡಸರು, ಹೆಂಗಸರು, ಮಕ್ಕಳೆಲ್ಲ ಮೇಷ್ಟ್ರ ನಡುಮನೆಗೆ ನುಗ್ಗಿದರು. ಹಂಸ ಮಾತ್ರ ಹಟ ಹಿಡಿದು ಆರಾಮ ಕುರ್ಚಿಯನ್ನು ಗಂಡನಿಗೆಂದು ಖಾಲಿ ಇಟ್ಟಿದ್ದರು. ಮೇಷ್ಟ್ರು ಪಂಚೆ ಸರಿಮಾಡಿಕೊಂಡು, ಗತ್ತಿನಿಂದ ಬಂದು, ಕೂತರು.

ಕೂತದ್ದೇ ತಡ, ದೀಪ, ಟೀವಿ ಎಲ್ಲ ಆರಿಹೋದವು.

ಬಾಗಿಲಲ್ಲಿ ಹಾಲಿನ ಮಂಚಯ್ಯ ಕೆಂಪು ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದ. "ಏನ್ ಮೇಷ್ಟ್ರೇ, ನಿಮ್ಮ ಹೊಸಾ ಬೆಲ್ಲು ಸದ್ದೇ ಮಾಡಾಕಿಲ್ವಲ್ಲ! ಕೆಟ್ಟೋಗದಾ ಅಂಗೆ?"

"ಅದು ಬೆಲ್ಲಲ್ಲ ಮಾರಾಯಾ!" ಎಂದು ಮೇಷ್ಟ್ರು ಹಿಡಿಯನ್ನು ವಾಪಸ್ ತಿರುಗಿಸಿ ಬಂದು ಕೂತರು. ಐದು ನಿಮಿಷಕ್ಕೆ ಮತ್ತೆ ಕತ್ತಲು. ಈ ಸಲ ಸುಬ್ಬಮ್ಮ. "ಎಷ್ಟು ತಿರುಗಿಸಿದರೂ ಯಾರೂ ಬರಲ್ವಲ್ಲೋ!" ಆಮೇಲೆ ಅಂಚೆಯವರು. ಆಮೇಲೆ ಅವರ ತಮ್ಮ. ತಡವಾಗಿ ಬಂದವರೆಲ್ಲ ಬಾಗಿಲ ಪಕ್ಕದಲ್ಲಿ ಕಂಡದ್ದನ್ನು ಕಾಲಿಂಗ್ ಬೆಲ್ ಎಂದೇ ತಿರುಗಿಸುವವರು. ಒಳಗೆ ಜನ ಕೂಗತೊಡಗಿದರು.

"ಮೇಷ್ಟ್ರೇ, ನೀವೇ ಒಂಚೂರು ಆಚೆ ನಿಂತ್ಕೊಳ್ಳಿ! ಮ್ಯಾಚು ಟೈಟಾಗಿದೆ!"

ಇಡೀ ಬೀದಿ ಕೇಳಿಕೊಂಡರೆ ಇಲ್ಲವೆನ್ನುವುದು ಹೇಗೆ? ಮೇಷ್ಟ್ರು ಹೊರಗೆ ಬಂದು ಕೆಂಪು ಹಿಡಿಗೆ ಬೆನ್ನು ಕೊಟ್ಟು, ಬ್ಯಾಂಕಿನ ಕಾವಲುಗಾರನ ಹಾಗೆ ನಿಂತರು. ಅಲ್ಲಿಂದ ಅವರ ಟೀವಿ ಕಾಣಿಸುತ್ತಿರಲಿಲ್ಲ. ಎದುರುಮನೆ ಕಿಟಕಿಯಲ್ಲಿ ಪರಮಶಿವಯ್ಯನವರ ಟೀವಿ ಮಾತ್ರ ಚೆನ್ನಾಗಿ ಕಾಣಿಸುತ್ತಿತ್ತು. ಖಾಲಿ ಹಜಾರದಲ್ಲಿ ಅವರೊಬ್ಬರೇ ಕೂತಿದ್ದರು. ವಿಧಿಯಿಲ್ಲದೆ ಮೇಷ್ಟ್ರು ಕತ್ತು ಉದ್ದ ಮಾಡಿ ಅದನ್ನೇ ನೋಡಿದರು.

ಕೊನೆಯ ಓವರ್. ಇಂಡಿಯಾ ಗೆಲ್ಲಲು ನಾಲ್ಕು ರನ್ನು ಬೇಕು. ಅಷ್ಟರಲ್ಲಿ ಜನರೇಟರ್ ಎರಡು ಸಲ ಕೆಮ್ಮಿ ತಣ್ಣಗಾಯಿತು. ಸೀಮೆಎಣ್ಣೆ ಮುಗಿದಿತ್ತು, ಹುಯ್ಯಲು ಬಾಗಿಲ ಹತ್ತಿರ ಮೇಷ್ಟ್ರು ಇರಲಿಲ್ಲವಲ್ಲ!

ಕತ್ತಲಲ್ಲಿ ಪಂಚೆ ಎತ್ತಿಕಟ್ಟಿಕೊಂಡು ಪರಮಶಿವಯ್ಯ ರಸ್ತೆ ದಾಟಿ ಓಡಿಬಂದರು. "ಮೇಷ್ಟ್ರೇ, ಗೆದ್ರಿ ಕಣ್ರೀ! ಸೋಲಾರ್ ಅಂದ್ರೆ ಸೋಲಾರೇ! ಒಸಿ ದಾರಿ ಬಿಡಿ."

ಮೇಷ್ಟ್ರ ಎದೆ ಉಬ್ಬಿತು. ಪರಮಶಿವಯ್ಯ ತಮ್ಮ ಹೊಸ್ತಿಲು ತುಳಿಯುವುದನ್ನು ಕಣ್ತುಂಬ ನೋಡಿದರು. ಪರಮಶಿವಯ್ಯನವರಿಗೆ ನಡುಮನೆಯಲ್ಲಿ ಕಂಡ ಖಾಲಿ ಜಾಗ ಒಂದೇ, ಆರಾಮ ಕುರ್ಚಿ. ಅದರಲ್ಲಿ ಕೂತು ಕಾಲು ಚಾಚಿಕೊಂಡು ಕೂಗಿದರು:

"ಮೇಷ್ಟ್ರೇ, ಅಲ್ಲೇ ಇರಿ! ಲಾಸ್ಟ್ ಬಾಲು! ಸ್ವಿಚ್ಚು ಬಿಟ್ಗಿಟ್ಟೀರಾ!"

ಮರುಕ್ಷಣ ಮನೆಯ ತಾರಸಿ ಹಾರುವಂಥ ಕೂಗು. ಜನ ಕುಣಿಯುತ್ತ ಹೊರಗೆ ಬಂದು, "ಸೋಲಾರ್ ಮೇಷ್ಟ್ರಿಗೆ ಜೈ!" ಎಂದು ಅವರನ್ನು ಹೆಗಲ ಮೇಲೆ ಎತ್ತಿಕೊಂಡರು. ಬೀದಿಗೆ ಬೀದಿಯೇ ಜೈಕಾರ ಹಾಕುತ್ತಿತ್ತು. ಮೇಷ್ಟ್ರು ಮೇಲಿನಿಂದ ಒಬ್ಬೊಬ್ಬರ ಕಡೆಗೂ ಬಗ್ಗಿ ಕೇಳುತ್ತಲೇ ಇದ್ದರು:

"ರೀ, ಹೊಡೆದದ್ದು ಯಾರ್ರೀ? ಫೋರಾ, ಸಿಕ್ಸಾ?"