ಯಾಪಾರ ಡಲ್ಲು ಸಾ, ಜಾಹೀರಾತು ನಿಲ್ಸಿ

ಮೊಬೈಲಿನಲ್ಲಿ ನೋಡುವ ಕೊಳ್ಳೇಗಾಲದ ಒಂದು ಪುಟ್ಟ ಸುದ್ದಿ ಚಾನಲ್ಲಿಗೆ ಜಾಹೀರಾತು ತರುವುದು ನನ್ನ ಕೆಲಸ. ಮಾರುಕಟ್ಟೆ ಬಿದ್ದ ಮೇಲೆ ಜಾಹೀರಾತು ಸಿಗುವುದು ಅಪರೂಪವಾಗಿದೆ. ಬರಿಗೈಯಲ್ಲಿ ವಾಪಸಾಗುವಾಗಲೂ ನಗುವುದಕ್ಕೇನಾದರೂ ಸಿಕ್ಕೇ ಸಿಗುತ್ತದೆ.

ಸೀರೆ ಅಂಗಡಿ

ರೇಷ್ಮೆ ಸೀರೆ ಅಂಗಡಿಯವರು ನನ್ನನ್ನು ಕಂಡೊಡನೆ ಕೈ ಮುಗಿದರು.

“ಯಾಪಾರ ಡಲ್ಲು ಸಾ, ಜಾಹೀರಾತು ನಿಲ್ಸಿ.”

“ಡಲ್ಲಾದಾಗಲೇ ಸಾರ್ ಜಾಹೀರಾತು ಬೇಕಾಗೋದು.”

ಅವರು ಸ್ವಲ್ಪ ಯೋಚಿಸಿ ಕೇಳಿದರು, “ನಿಮ್ದೆಂಗದೆ ಯಾಪಾರ?”

“ನಮ್ದೂ ತುಂಬ ಡಲ್ಲು ಸಾರ್.”

“ಅಂಗಾದ್ರೆ ಜಾಹೀರಾತು ಬೇಕಾಗಿರೋದು ನಿಮ್ಗೆ. ಚಾನಲ್ ಬೋರ್ಡು ನಮ್ಮಂಗಡಿ ಮುಂದೆ ಹಾಕ್ಸಿ, ಬಾಡ್ಗೆ ನೋಡ್ಕಂಡು ತಕತೀನಿ.”

ಹೊನ್ನೂರಿನ ಬೆಲ್ಲ

ಯಳಂದೂರಿನ ಕಡೆ ಹೊನ್ನೂರಿನಲ್ಲಿ ಆಲೆಮನೆ ಇಟ್ಟುಕೊಂಡವರೊಬ್ಬರು, “ಒಂದ್ ಫೋನಾದ್ರೂ ಬರ್ಲಿ, ಆಮೇಲೆ ಮುಂದುವರ್ಸೋಣ” ಎಂದು ಒಪ್ಪಿದರು. ಗಿರಾಕಿಗಳಿಗೆಂದೇ ಹೊಸ ನಂಬರಿನ ಇನ್ನೊಂದು ಫೋನು ಕೊಂಡರು. ಜಾಹೀರಾತು ಬಂದ ದಿನ ಅವರ ಮನೆ ಜಗಲಿಯಲ್ಲೇ ಕೂತಿದ್ದೆವು. ಫೋನು ಹೊಡೆದುಕೊಂಡಿತು. ಅವರು ಸ್ಪೀಕರ್ ಹಾಕಿದರು.

“ಹೇಳಿ ತಾಯಿ, ಬೆಲ್ಲ ಎಷ್ಟು ಬೇಕು?”

“ಒಂದಚ್ಚು ಸಾಕು.”

“ಯಾವೂರ್ಗೆ ಕಳಿಸ್ಲಿ?”

“ಅಡ್ಗೆಮನೆಗೆ! ಬೆಳಗಿಂದ ನಿಮ್ ಹಳೇ ನಂಬರ್ಗೆ ಮಾಡ್ತಾನೇ ಇವ್ನಿ, ಎತ್ತುದ್ರಾ? ಗಿರಾಕಿ ಅಂದ್ರೆ ಎಷ್ಟ್ ಬೇಗ ಎತ್ತೀರಿ!”

ಜಾಹೀರಾತು ಮುಂದುವರಿಯಿತು, ಹೆಂಡತಿಯ ಒತ್ತಾಯಕ್ಕೆ.

ಹನೂರಿನ ಸಭೆ

ಚಾನಲ್ಲು ಉಳಿಯಬೇಕಾದರೆ ಹೊಸ ಜಾಹೀರಾತುದಾರರು ಬೇಕೇ ಬೇಕಿತ್ತು. ನಮ್ಮ ಚಾನಲ್ಲಿನ ಯಜಮಾನರು ಹನೂರಿನ ವರ್ತಕರನ್ನು ಸೇರಿಸಿ, ಅವರಿಗೆ ಧೈರ್ಯ ತುಂಬು ಎಂದು ನನ್ನನ್ನು ನಿಲ್ಲಿಸಿದರು. ತಾವು ಪಕ್ಕದ ಕುರ್ಚಿಯಲ್ಲೇ ಕೂತರು.

“ಆನ್‌ಲೈನ್ ಜಾಹೀರಾತಿಗೆ ಒಳ್ಳೆ ಭವಿಷ್ಯವಿದೆ” ಎಂದು ಶುರುಮಾಡಿದೆ. “ಇದು ಬಲು ಚುರುಕು. ಯಾರು ಮೊಬೈಲಲ್ಲಿ ಏನು ಹುಡುಕುತ್ತಾರೋ ಅದರದ್ದೇ ಜಾಹೀರಾತು ಅವರಿಗೆ ಬರುತ್ತದೆ. ತೋರಿಸುತ್ತೇನೆ ನೋಡಿ” ಎಂದು ನನ್ನ ಫೋನನ್ನೇ ದೊಡ್ಡ ಟಿವಿಗೆ ಜೋಡಿಸಿ ನಮ್ಮ ಚಾನಲ್ ತೆರೆದೆ.

ಸುದ್ದಿಗೆ ಮೊದಲು ಜಾಹೀರಾತು ಬಂತು: “ಈಗಿನ ಕೆಲಸ ಸಾಕಾಯಿತೇ? ನಾಟಿ ಕೋಳಿ ಸಾಕಣೆ ಕಲಿಯಿರಿ!”

ಸಭೆ ಗೊಳ್ಳೆಂದಿತು. ಹಿಂದಿನಿಂದ ಹೋಟೆಲಿನವರೊಬ್ಬರು, “ಮೊಟ್ಟೆ ನಮ್ಗೇ ಹಾಕ್ಬೇಕು ಸಾ!” ಎಂದು ಕೂಗಿದರು. ಕೆಲಸ ಹೋಯಿತೆಂದೇ ಯಜಮಾನರ ಕಡೆ ತಿರುಗಿದೆ.

ಅವರು ನನ್ನ ಅಂಗಿ ಜಗ್ಗಿ ಕಿವಿಯಲ್ಲಿ ಹೇಳಿದರು: “ಒಬ್ನೇ ಮಾಡ್ಬ್ಯಾಡ ಕಣ್ಲಾ, ನನ್ನೂ ಪಾಲಿಗೆ ಸೇರಿಸ್ಕೊ.”